ಅನ್ನದ ಪಂಕ್ತಿ, ಅಕ್ಷರದ ಪಂಕ್ತಿ



ಇಂದಿನ ಚಿಂತನಕ್ಕೆ ನಾವು ಆರಿಸಿಕೊಂಡಿರುವ ವಿಷಯ ಪುರಾಣಕ್ಕೆ ಸೇರಿದ್ದಲ್ಲ, ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಿಂದ ಈಚಿನ ಇತಿಹಾಸಕ್ಕೆ ಸೇರಿದ್ದು. ಬಡವರ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ್ದು ಹೇಗೆ, ಹತ್ತಿದವರಲ್ಲಿ ಅನೇಕರು ಮತ್ತೆ ಇಳಿದು ಹೋದದ್ದು ಏಕೆ, ಅವರ ಹೊಟ್ಟೆಯ ಚಿಂತೆಯನ್ನೂ ಮೈಯ ಆರೋಗ್ಯವನ್ನೂ ಯಾರು ಯಾರು ಯಾವ ಕಾಲದಲ್ಲಿ ಹೊತ್ತುಕೊಂಡರು ಎಂಬುದೇ ಆ ವಿಷಯ. ಮಠಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಸಂಬಂಧ ಹೆಸರಿನಲ್ಲಿಯೇ ಇದೆ. ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ನೀಡುವ ಮಧ್ಯಾಹ್ನದ ಬಿಸಿಯೂಟಕ್ಕೆ ಸರ್ಕಾರ ಇಟ್ಟ ಹೆಸರು ‘ಅಕ್ಷರ ದಾಸೋಹ’. ದಾಸೋಹ ಎಂಬ ಮಾತು ಶರಣರ ಮನೆಯದು. ನಮ್ಮ ಮಾತನ್ನು ಒಬ್ಬರು ಎರವಲು ತೆಗೆದುಕೊಂಡು ಹೋದಾಗ, ಆ ಮಾತು ಅಲ್ಲಿ ಹೇಗಿದೆ, ಸುಖವಾಗಿದೆಯೇ ಎಂದು ನೋಡಿಬರುವುದು ಮಾತಿನ ಒಡೆಯರಿಗೆ ಸೇರಿದ ಕೆಲಸ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರ ನಿಮಗೆ ತಿಳಿಯದ್ದೇನಲ್ಲ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ನೀಡುವವನೇ ದಾಸ, ಉಣ್ಣುವವನು ಜಂಗಮ. ಆದ್ದರಿಂದ ಶಾಲೆಯ ಅಂಗಳದಲ್ಲಿ ತಟ್ಟೆ ಹಿಡಿದು ಕುಳಿತ ಆರು ವರುಷದ ಕೂಸು ಯಾರ ಹಂಗಿನಲ್ಲಿಯೂ ಇಲ್ಲ. ಇದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನ ಮಾತುಗಳನ್ನು ಕೇಳಬೇಕು.

1856ನೆಯ ಇಸವಿ ಜೂನ್ ತಿಂಗಳು. ಧಾರವಾಡದ ಸರ್ಕಾರಿ ಶಾಲೆಗೆ ಒಬ್ಬ ಹುಡುಗನನ್ನು ಸೇರಿಸಿಕೊಳ್ಳಬೇಕೆಂದು ಅರ್ಜಿ ಹೋಯಿತು. ಹುಡುಗ ಮಹಾರ ಜಾತಿಯವನು. ಶುಲ್ಕ ಕೊಡಲು ಸಿದ್ಧನಿದ್ದ. ಆದರೂ ಶಾಲೆಗೆ ಸೇರಿಸಿಕೊಳ್ಳಲಿಲ್ಲ. ಮುಂಬಯಿ ಸರ್ಕಾರದವರೆಗೆ ಕಾಗದ ಹೋದಾಗ, ಒಬ್ಬ ಹುಡುಗನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟಾರು ಎಂಬ ಅಂಜಿಕೆಯಿಂದ ಅಧಿಕಾರಿಗಳು ಕೈಚೆಲ್ಲಿದರು. ವಿಚಾರ ಕಲ್ಕತ್ತೆಗೆ ಹೋಯಿತು, ಅಲ್ಲಿಂದ ಲಂಡನ್ನಿನ ಕಂಪನಿಯ ಕಚೇರಿಗೂ ಹೋಯಿತು. ಸರ್ಕಾರದ ಪೂರ್ತಿ ವೆಚ್ಚದಲ್ಲಿ ನಡೆಯುವ ಶಾಲೆ ಎಲ್ಲ ವರ್ಗದವರಿಗೂ ತೆರೆದಿರತಕ್ಕದ್ದು ಎಂದು 1858ರಲ್ಲಿ ಕಾಗದದ ಮೇಲೆ ನಿರ್ಣಯವಾಯಿತು. ಡಾ. ಅಂಬೇಡ್ಕರರು ಮುಂದೆ ತಮ್ಮ ಬರಹಗಳಲ್ಲಿ ಈ ಪ್ರಕರಣವನ್ನು ಎತ್ತಿ ತೋರಿಸಿದ್ದಾರೆ. ಆ ಹುಡುಗನ ಗತಿ ಏನಾಯಿತೋ, ಚರಿತ್ರೆಯ ಪುಟ ಅವನನ್ನು ಅಲ್ಲಿಯೇ ಬಿಟ್ಟು ಮುಂದೆ ಹೋಗಿದೆ. ಕಲ್ಯಾಣದಲ್ಲಿ ಅಂತ್ಯಜ ಅಗ್ರಜರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ ನಾಡು ಇದು. ಏಳು ನೂರು ವರುಷಗಳ ತರುವಾಯ ಅದೇ ನಾಡಿನ ಧಾರವಾಡದಲ್ಲಿ ಒಂದು ಮಗುವಿಗೆ ಶಾಲೆಯಲ್ಲಿ ಮೂರು ಮೊಳ ನೆಲ ಸಿಗಲಿಲ್ಲ. ಇದನ್ನು ಕೇಳಿ ನಾವು ತಲೆ ತಗ್ಗಿಸಬೇಕೇ ಹೊರತು ಬ್ರಿಟಿಷರನ್ನು ಬಯ್ದು ಸುಮ್ಮನಾಗಬಾರದು. ಶಾಲೆ ಬಿಟ್ಟಾರು ಎಂದು ಅಧಿಕಾರಿಗಳು ಅಂಜಿದ್ದು ನಮ್ಮವರಿಗೇ.

ಶಾಲೆಯ ಬಾಗಿಲಿಗೆ ಜಾತಿ ಒಂದು ಬೀಗ. ಅದನ್ನು ತೆಗೆದ ಮೇಲೆ ಒಳಗೆ ಇನ್ನೊಂದು ಬೀಗವಿತ್ತು, ಅದು ಹಸಿವೆ. ಈ ಎರಡನ್ನೂ ಒಟ್ಟಿಗೆ ಕಂಡವರಲ್ಲಿ ಮಂಗಳೂರಿನ ಕುದ್ಮುಲ್ ರಂಗರಾಯರು ಮೊದಲಿಗರು. ಸಾರಸ್ವತ ಬ್ರಾಹ್ಮಣರು, ವಕೀಲರು. 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. ದುಡಿಯುವ ಮಗುವನ್ನು ಶಾಲೆಗೆ ಕಳಿಸಿದರೆ ಮನೆಯ ಗಂಜಿ ಕಡಿಮೆಯಾಗುತ್ತದೆ ಎಂಬುದನ್ನು ಅರಿತು, ಬರಿಯ ಸ್ಲೇಟು ಬಳಪ ಕೊಟ್ಟರೆ ಸಾಲದೆಂದು ಮಕ್ಕಳಿಗೆ ಊಟವನ್ನೂ ಪಾಲಕರಿಗೆ ಚೂರುಪಾರು ಕಾಸನ್ನೂ ಕೊಡುತ್ತಿದ್ದರೆಂದು ಆ ಕಡೆಯವರು ಇಂದಿಗೂ ನೆನೆಯುತ್ತಾರೆ. ತಮ್ಮ ಶಾಲೆಯಲ್ಲಿ ಓದಿದ ಮಗು ಸರ್ಕಾರಿ ಹುದ್ದೆಗೇರಿ, ಮೋಟಾರು ಕಾರಿನಲ್ಲಿ ಬಂದು, ಆ ಗಾಲಿಯ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬುದು ಅವರ ಬಯಕೆ. 1928ರಲ್ಲಿ ತೀರಿಕೊಂಡ ಅವರ ಸಮಾಧಿಯ ಕಲ್ಲಿನ ಮೇಲೆ ಆ ಅರ್ಥದ ಮಾತುಗಳಿವೆ. ಅವರು ಲಿಂಗವಂತರಲ್ಲ. ದಾಸೋಹ ಮಾಡಿದವರು ಮಾತ್ರ ಹೌದು.

ಇನ್ನು ನಮ್ಮ ಮಠಗಳ ಕಡೆ ಬರೋಣ. ಸಿರಸಂಗಿಯ ಲಿಂಗರಾಜ ದೇಸಾಯರು ಮಕ್ಕಳಿಲ್ಲದೆ 1906ರಲ್ಲಿ ಲಿಂಗೈಕ್ಯರಾದಾಗ ತಮ್ಮ ಸಂಸ್ಥಾನದ ಆಸ್ತಿಯನ್ನೆಲ್ಲ ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟರು. ಹತ್ತು ವರ್ಷಗಳ ಮೇಲೆ, 1916ರಲ್ಲಿ, ಬೆಳಗಾವಿಯಲ್ಲಿ ಏಳು ಜನರ ಶ್ರಮದಿಂದ ಕೆ.ಎಲ್.ಇ. ಸಂಸ್ಥೆ ಹುಟ್ಟಿತು. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಶಿವಯೋಗ ಮಂದಿರವನ್ನು ಕಟ್ಟಿದರು. ಅವರು ಮಾಡಿದ ಇನ್ನೊಂದು ಕೆಲಸ ನಮಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕಾಡಶೆಟ್ಟಿಹಳ್ಳಿಯ ಬಡವರ ಮನೆಯ ಇಬ್ಬರು ಹುಟ್ಟುಗುರುಡ ಹುಡುಗರ ಕಂಠವನ್ನು ಕೇಳಿ, ಇವರನ್ನು ನಮಗೆ ಕೊಡಿರಿ ಎಂದು ಕರೆತಂದು ಸಂಗೀತ ಹೇಳಿಸಿದರು. ಅವರಲ್ಲಿ ಒಬ್ಬರೇ ಮುಂದೆ ಪಂಚಾಕ್ಷರ ಗವಾಯಿಗಳಾದರು. ಅವರು ಅಂಧ ಬಾಲಕರನ್ನು ಕಟ್ಟಿಕೊಂಡು ಊರೂರು ತಿರುಗುತ್ತಾ, ಭಕ್ತರು ಕೊಟ್ಟ ಕಾಳುಕಡಿಯಲ್ಲಿ ಅವರನ್ನು ಸಾಕುತ್ತಾ ನಡೆಸಿದ ಪಾಠಶಾಲೆ ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ಬೆಳೆಸಿದರು. ಕುರುಡು ಮಗು ಎಂದರೆ ಭಿಕ್ಷೆಗೇ ಮೀಸಲು ಎಂದು ಲೋಕ ತಿಳಿದಿದ್ದ ಕಾಲದಲ್ಲಿ, ಭಿಕ್ಷೆ ಬೇಡಿ ಆ ಮಗುವಿಗೆ ವಿದ್ಯೆ ಕೊಟ್ಟು, ಅದು ಮುಂದೆ ಭಿಕ್ಷೆ ಬೇಡದ ಹಾಗೆ ಮಾಡಿದ ಕೆಲಸ ಅದು.

ದಕ್ಷಿಣದ ಕಡೆ, ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿ ನಿಲಯವನ್ನು ಆರಂಭಿಸಿದರು. ನಿಲಯದ ಹುಡುಗರ ಊಟಕ್ಕೆ ತೊಂದರೆಯಾದಾಗ ಅವರು ತಮ್ಮ ಚಿನ್ನದ ಕರಡಿಗೆಯನ್ನೇ ಮಾರಿದರೆಂಬುದು ಮೈಸೂರು ಸೀಮೆಯ ಹಿರಿಯರ ಬಾಯಲ್ಲಿ ಉಳಿದ ಮಾತು. ಸಿದ್ಧಗಂಗೆಯ ಕಥೆ ನಿಮಗೆಲ್ಲ ಗೊತ್ತಿರುವುದೇ. 1917ರಲ್ಲಿ ಉದ್ದಾನ ಶಿವಯೋಗಿಗಳ ಕಾಲದಲ್ಲಿ ಸಂಸ್ಕೃತ ಪಾಠಶಾಲೆ. 1930ರಲ್ಲಿ ಆಶ್ರಮ ಸ್ವೀಕರಿಸಿದ ಶಿವಕುಮಾರ ಸ್ವಾಮಿಗಳು ಹಳ್ಳಿಹಳ್ಳಿ ತಿರುಗಿ ರಾಗಿ ಭತ್ತ ಕೂಡಿಸಿ ತಂದು, ಬಂದ ಮಗುವನ್ನು ಜಾತಿ ಕೇಳದೆ ಪಂಕ್ತಿಗೆ ಕೂರಿಸಿದರು. ಅವರ ಕೊನೆಗಾಲಕ್ಕೆ ಅಲ್ಲಿ ಉಂಡು ಓದುವ ಮಕ್ಕಳ ಸಂಖ್ಯೆ ಹತ್ತು ಸಾವಿರದ ಆಸುಪಾಸಿನಲ್ಲಿತ್ತು. 2019ರ ಜನವರಿ 21ರಂದು, ನೂರ ಹನ್ನೊಂದು ವರ್ಷದ ಆ ಪೂಜ್ಯರು ಲಿಂಗೈಕ್ಯರಾದ ಸುದ್ದಿಯನ್ನು ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿಯುವ ತನಕ ಹೊರಗೆ ಬಿಡಲಿಲ್ಲ, ಅದು ಅವರದೇ ಅಪ್ಪಣೆಯಾಗಿತ್ತು ಎಂದು ಪತ್ರಿಕೆಗಳು ಬರೆದವು. ಸುದ್ದಿ ಕೇಳಿದರೆ ಮಕ್ಕಳು ತಟ್ಟೆ ಬಿಟ್ಟು ಏಳುತ್ತಿದ್ದರಲ್ಲವೇ?

ಹೀಗೆ ಹೇಳುತ್ತಾ ಹೋದರೆ ನಮಗೆ ನಾವೇ ಮಂಗಳಾರತಿ ಎತ್ತಿಕೊಂಡ ಹಾಗಾದೀತು. ಸತ್ಯವನ್ನೂ ಹೇಳಬೇಕು. ಆ ಕಾಲದ ಅನೇಕ ಬೋರ್ಡಿಂಗುಗಳು ಆಯಾ ಸಮಾಜದ ಮಕ್ಕಳಿಗಾಗಿಯೇ ಹುಟ್ಟಿದವು. ಬ್ರಾಹ್ಮಣರದು ಒಂದು, ಲಿಂಗಾಯತರದು ಒಂದು, ಒಕ್ಕಲಿಗರದು ಒಂದು, ಹೀಗೆ. ಸಮಾಜ ಎತ್ತಿ ನಿಲ್ಲಬೇಕಾದ ಹೊತ್ತಿನಲ್ಲಿ ಅದಕ್ಕೂ ಅರ್ಥವಿತ್ತು ಎನ್ನೋಣ. ಆದರೆ ಸ್ವಂತದವರೆಂದು ಹೇಳಿಕೊಳ್ಳಲು ಒಂದು ಬೋರ್ಡಿಂಗೂ ಇಲ್ಲದ ಜಾತಿಯ ಮಗು ಎಲ್ಲಿಗೆ ಹೋಗಬೇಕಾಗಿತ್ತು? ಹಾಗೆಯೇ ಈ ನಿಲಯಗಳಲ್ಲಿ ಬಹುಪಾಲು ಗಂಡು ಹುಡುಗರು. ಅಕ್ಕನ ಹೆಸರನ್ನು ದಿನವೂ ಹೇಳುವ ನಾವು ಅಕ್ಕನ ವಯಸ್ಸಿನ ಹುಡುಗಿಯರಿಗೆ ನಿಲಯ ಕಟ್ಟಿದ್ದು ತೀರ ತಡವಾಗಿ. ಮಠಗಳ ಕೈ ಎಷ್ಟೇ ಉದ್ದವಿದ್ದರೂ ಅದು ಜೋಳಿಗೆಯ ಉದ್ದ. ಒಂದೊಂದು ಹಳ್ಳಿಯ ಪ್ರತಿಯೊಂದು ಮಗುವಿಗೂ ಅನ್ನ ಮುಟ್ಟಬೇಕಾದರೆ ರಾಜ್ಯವೇ ಒಲೆ ಹೂಡಬೇಕು. ಅದು ಹೇಗಾಯಿತು ಎಂಬುದು ಈ ಇತಿಹಾಸದ ಎರಡನೆಯ ಭಾಗ.

ಇಂಗ್ಲೆಂಡಿನಲ್ಲಿ ಇದು ಆರಂಭವಾದದ್ದು ಕರುಣೆಯಿಂದಲ್ಲ, ಯುದ್ಧದಿಂದ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧಕ್ಕೆ ಸೈನಿಕರನ್ನು ಆರಿಸುವಾಗ ಬಡವರ ಮನೆಯ ತರುಣರು ಮೈಯಲ್ಲಿ ತ್ರಾಣವಿಲ್ಲದೆ ಗುಂಪುಗುಂಪಾಗಿ ತಿರಸ್ಕೃತರಾದರು. ಆಗ ಅವರಿಗೆ ಎಚ್ಚರವಾಯಿತು. 1906ರಲ್ಲಿ ಶಾಲಾ ಮಕ್ಕಳಿಗೆ ಊಟ ಕೊಡುವ ಕಾಯಿದೆ, 1907ರಲ್ಲಿ ಶಾಲೆಗಳಲ್ಲಿ ವೈದ್ಯರು ಮಕ್ಕಳನ್ನು ಪರೀಕ್ಷಿಸುವ ಕಾಯಿದೆ ಮಾಡಿದರು. ಸರಿ, ಅವರ ಆಳ್ವಿಕೆಯಲ್ಲಿದ್ದ ನಮ್ಮ ಕಡೆ? 1920ರಲ್ಲಿ ಮದ್ರಾಸು ಕಾರ್ಪೊರೇಷನ್ನಿನ ಅಧ್ಯಕ್ಷರಾಗಿದ್ದ ಪಿ. ತ್ಯಾಗರಾಯ ಚೆಟ್ಟಿಯವರು ಥೌಸಂಡ್ ಲೈಟ್ಸ್ ಬಡಾವಣೆಯ ಶಾಲೆಯಲ್ಲಿ, ಮಗುವೊಂದಕ್ಕೆ ದಿನಕ್ಕೆ ಒಂದು ಆಣೆ ಮೀರದಂತೆ, ತಿಂಡಿ ಕೊಡಲು ಆರಂಭಿಸಿದರು. ಮಕ್ಕಳ ಸಂಖ್ಯೆ ಏರಿತು, ಇನ್ನೂ ನಾಲ್ಕು ಶಾಲೆಗಳಿಗೆ ಅದು ಹಬ್ಬಿತು. ಶಿಕ್ಷಣದ ನಿಧಿಯಿಂದ ತಿಂಡಿಗೆ ಹಣ ತೆಗೆಯಲು ಸರ್ಕಾರ ಒಪ್ಪದೆ ಹೋದ್ದರಿಂದ 1925ರಲ್ಲಿ ನಿಂತಿತು. ತಮ್ಮ ದೇಶದ ಮಕ್ಕಳಿಗೆ ಕಾಯಿದೆ ಮಾಡಿ ಉಣಿಸಿದವರ ಆಡಳಿತದಲ್ಲಿ ನಮ್ಮ ಮಕ್ಕಳ ಒಂದು ಆಣೆಗೆ ಲೆಕ್ಕದ ಪುಸ್ತಕ ಅಡ್ಡ ಬಂತು. ಶಿಕ್ಷಣ ಬೇರೆ, ಊಟ ಬೇರೆ ಎಂಬ ಆ ಲೆಕ್ಕ ಇಂದಿಗೂ ಎಷ್ಟೋ ಜನ ವಿದ್ಯಾವಂತರ ತಲೆಯಲ್ಲಿದೆ. ಶಾಲೆ ಎಂದರೆ ಪಾಠಕ್ಕೋ ಊಟಕ್ಕೋ ಎಂದು ಕೇಳುತ್ತಾರೆ. ಹಾಗೆ ಕೇಳುವವರು ಬೆಳಗ್ಗೆ ಉಂಡು ಬಂದವರು.

ಮದ್ರಾಸಿನ ಆ ಆರಿದ ಒಲೆಯನ್ನು ರಾಜ್ಯದ ತುಂಬ ಹೊತ್ತಿಸಿದವರು ಕಾಮರಾಜರು. ತಾವು ಬಾಲ್ಯದಲ್ಲಿಯೇ ಶಾಲೆ ಬಿಡಬೇಕಾಗಿ ಬಂದವರು. 1954ರಲ್ಲಿ ಮುಖ್ಯಮಂತ್ರಿಗಳಾದರು. ದನ ಮೇಯಿಸುತ್ತಿದ್ದ ಹುಡುಗನೊಬ್ಬನನ್ನು ಏಕೆ ಶಾಲೆಗೆ ಹೋಗುವುದಿಲ್ಲ ಎಂದು ಅವರು ಕೇಳಿದರಂತೆ. ಶಾಲೆಗೆ ಹೋದರೆ ಹೊಟ್ಟೆಗೆ ನೀವು ಕೊಡುತ್ತೀರಾ ಎಂದು ಅವನು ತಿರುಗಿ ಕೇಳಿದನಂತೆ. ಇದು ನಡೆದದ್ದೋ, ಜನ ಕಟ್ಟಿದ್ದೋ, ತಮಿಳುನಾಡಿನಲ್ಲಿ ಮನೆಮಾತಾಗಿದೆ. 1956ರಲ್ಲಿ, ಕವಿ ಭಾರತಿಯವರ ಹುಟ್ಟೂರಾದ ಎಟ್ಟಯಪುರದಲ್ಲಿ, ಮಧ್ಯಾಹ್ನದ ಊಟದ ಯೋಜನೆಗೆ ಚಾಲನೆ ಕೊಟ್ಟರು. ಮೊದಮೊದಲು ಊರವರು ಕೊಟ್ಟ ಅಕ್ಕಿಬೇಳೆಯೂ ಅದರಲ್ಲಿ ಸೇರುತ್ತಿತ್ತು. 1982ರ ಜುಲೈ 1ರಂದು ಎಂ.ಜಿ. ರಾಮಚಂದ್ರನ್ನರು ಅದನ್ನು ಪೌಷ್ಟಿಕ ಊಟದ ದೊಡ್ಡ ಯೋಜನೆಯಾಗಿ ಬೆಳೆಸಿದಾಗ, ಬೊಕ್ಕಸ ಬರಿದಾಗುತ್ತದೆ ಎಂದು ಅರ್ಥಶಾಸ್ತ್ರ ಬಲ್ಲವರು ಆಡಿಕೊಂಡರು. ಬೊಕ್ಕಸ ಬರಿದಾಗಲಿಲ್ಲ. ಇತರ ರಾಜ್ಯಗಳು ಮುಂದೆ ಅದೇ ದಾರಿಗೆ ಬಂದವು.

ಕೇಂದ್ರ ಸರ್ಕಾರ 1975ರ ಅಕ್ಟೋಬರ್ 2ರಂದು, ಶಾಲೆಗೆ ಬರುವ ವಯಸ್ಸಿಗಿಂತ ಮೊದಲಿನ ಕೂಸುಗಳಿಗಾಗಿ, ದೇಶದಲ್ಲಿ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ನಮ್ಮ ರಾಜ್ಯದಲ್ಲಿ ಆ ಪುಣ್ಯ ತಿ. ನರಸೀಪುರ ತಾಲೂಕಿಗೆ ಬಂತು. ನಮ್ಮ ಓಣಿಯ ಅಂಗನವಾಡಿಗಳೆಲ್ಲ ಅದರ ಮರಿಮಕ್ಕಳು. ಶಾಲೆಯ ಮಕ್ಕಳಿಗಾಗಿ 1995ರ ಆಗಸ್ಟ್ 15ರಂದು ರಾಷ್ಟ್ರೀಯ ಯೋಜನೆ ಬಂತಾದರೂ ಹೆಚ್ಚಿನ ರಾಜ್ಯಗಳು ಅಡುಗೆ ಮಾಡಲಿಲ್ಲ. ಹಾಜರಿ ನೂರಕ್ಕೆ ಎಂಬತ್ತು ಇದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಅಳೆದು ಕೊಟ್ಟವು. ಅದು ಮನೆಗೆ ಹೋಗಿ, ಮನೆಯ ಹತ್ತು ಹೊಟ್ಟೆಗಳಲ್ಲಿ ಹಂಚಿಹೋಗಿ, ಮಗುವಿನ ಪಾಲಿಗೆ ಎಷ್ಟು ಬಂತೋ ಶಿವನೇ ಬಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಕಣ್ಣು ಕತ್ತಲೆ ಬರುವ ಮಗುವಿಗೆ ಮನೆಯ ಗುಡಾಣದಲ್ಲಿರುವ ಧಾನ್ಯದಿಂದ ಏನಾಗಬೇಕು?

2001ರಲ್ಲಿ ರಾಜಸ್ಥಾನದಲ್ಲಿ ಬರ. ಸರ್ಕಾರದ ಉಗ್ರಾಣಗಳಲ್ಲಿ ಧಾನ್ಯ ಹುಳ ಹಿಡಿಯುತ್ತಿತ್ತು, ಹಳ್ಳಿಗಳಲ್ಲಿ ಜನ ಹಸಿದಿದ್ದರು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷದ ನವೆಂಬರ್ 28ರಂದು ನ್ಯಾಯಾಲಯ ಆಜ್ಞೆ ಮಾಡಿತು: ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕು, ಅದರಲ್ಲಿ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು ಇರಬೇಕು, ವರ್ಷಕ್ಕೆ 200 ದಿನಗಳಿಗೆ ಕಡಿಮೆ ಇರಕೂಡದು. ಅಲ್ಲಿಂದ ಮುಂದೆ ಮಗುವಿನ ಊಟ ದೊರೆಯ ದಯೆಯಾಗಿ ಉಳಿಯದೆ ಮಗುವಿನ ಹಕ್ಕಾಯಿತು. ದಾಸೋಹ ಎಂಬ ಮಾತಿನ ಅರ್ಥ ಬಲ್ಲ ನಮಗೆ ಇದು ಹೊಸತೆನಿಸಬಾರದು.

ಕರ್ನಾಟಕ 2002ರ ಜೂನಿನಲ್ಲಿ ಅಕ್ಷರ ದಾಸೋಹವನ್ನು ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭಿಸಿತು. ಉಳಿದ ಇಪ್ಪತ್ತು ಜಿಲ್ಲೆಗಳಿಗೆ ಮರುವರ್ಷ ವಿಸ್ತರಿಸಿತು. ಏಕೆ ಈ ಭಾಗವೇ ಮೊದಲು? ಅದೇ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ಪ್ರಾದೇಶಿಕ ಅಸಮತೋಲನದ ವರದಿ ಒಪ್ಪಿಸಿತು. ಅದು ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲೂಕುಗಳಲ್ಲಿ 26 ಉತ್ತರ ಕರ್ನಾಟಕದವು. ಶರಣರು ನಡೆದಾಡಿದ ನೆಲವೇ ಅಕ್ಷರಕ್ಕೂ ಅನ್ನಕ್ಕೂ ಹಿಂದೆ ಬಿದ್ದಿತ್ತು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಹೆಸರು ಹೇಳುವ ರಾಯಚೂರು ಜಿಲ್ಲೆಯ ಮಕ್ಕಳಿಗೆ ಅನ್ನದ ಕಾಳು ಆಯ್ದುಕೊಳ್ಳಲು ಸಹ ಇರಲಿಲ್ಲ.

ಊಟ ಬಂದ ಮೇಲೆ ಏನಾಯಿತು? 2003ರಲ್ಲಿ ಜ್ಯಾಂ ದ್ರೇಜ್ ಮತ್ತು ಅಪರಾಜಿತಾ ಗೋಯಲ್ ಎಂಬ ವಿದ್ವಾಂಸರು ರಾಜಸ್ಥಾನ, ಛತ್ತೀಸಗಡ, ಕರ್ನಾಟಕದ ಶಾಲೆಗಳಲ್ಲಿ ಸಮೀಕ್ಷೆ ಮಾಡಿದರು. ಒಂದನೆಯ ತರಗತಿಗೆ ಸೇರುವವರ ಸಂಖ್ಯೆ ಹೆಚ್ಚಿತ್ತು, ಅದರಲ್ಲಿಯೂ ಹೆಣ್ಣುಮಕ್ಕಳದು ಹೆಚ್ಚು. ಇದಕ್ಕೆ ದೊಡ್ಡ ಶಾಸ್ತ್ರವೇನೂ ಬೇಡ. ಬಡವರ ಮನೆಯಲ್ಲಿ ಮಧ್ಯಾಹ್ನದ ರೊಟ್ಟಿಯ ಲೆಕ್ಕ ಹಾಕುವಾಗ ಮೊದಲು ಕತ್ತರಿ ಬೀಳುವುದು ಹುಡುಗಿಯ ಪಾಲಿಗೆ. ಅದು ಶಾಲೆಯಲ್ಲಿ ಸಿಗುವುದಾದರೆ ಹೋಗಲಿ ಬಿಡು ಎನ್ನುತ್ತಾರೆ. ಕೂಲಿಗೆ ಹೋಗುವ ತಾಯಿಗೂ ಹಗಲಿನ ಒಂದು ಚಿಂತೆ ತಪ್ಪಿತು. 2007ರಲ್ಲಿ ರಾಜ್ಯ ಈ ಊಟವನ್ನು ಹತ್ತನೆಯ ತರಗತಿಯವರೆಗೆ ಒಯ್ದಿತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯವೆಂದು 150 ಮಿಲಿಲೀಟರ್ ಹಾಲನ್ನು ಸೇರಿಸಿತು.

ಈಗ ಸ್ವಲ್ಪ ಕಹಿಯಾದ ಎರಡು ಮಾತು.

ಮೊದಲನೆಯದು ಪಂಕ್ತಿಯದು. 2004ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟು, ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕೆಂದಿತು. ಅಂಥ ತಾಯಿ ಅಡುಗೆಗೆ ನಿಂತಳೆಂದು ಮಕ್ಕಳಿಗೆ ಬುತ್ತಿ ಕಟ್ಟಿಕೊಟ್ಟು ಕಳಿಸಿದ, ಮಕ್ಕಳನ್ನೇ ಬೇರೆ ಶಾಲೆಗೆ ಸೇರಿಸಿದ ಊರುಗಳ ಸುದ್ದಿ ನಮ್ಮ ರಾಜ್ಯದಿಂದಲೂ ಹೊರರಾಜ್ಯಗಳಿಂದಲೂ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇವೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಬಿಸಿಯೂಟದ ತಾಯಿಯ ಜಾತಿ ಕೇಳಿ ಮಗುವಿನ ತಟ್ಟೆ ಕಸಿದುಕೊಂಡವನಿಗೆ ಈ ಮಠದ ಪ್ರಸಾದದಲ್ಲಿ ಕುಳಿತುಕೊಳ್ಳುವ ಹಕ್ಕು ಎಲ್ಲಿಂದ ಬಂತು? 1856ರಲ್ಲಿ ಧಾರವಾಡದ ಅಧಿಕಾರಿಗಳು ಅಂಜಿದ್ದು ಇಂಥ ಪಾಲಕರಿಗೇ. ಇನ್ನು ಆ ತಾಯಂದಿರಿಗೆ ಸರ್ಕಾರ ಕೊಡುವುದನ್ನು ಸಂಬಳವೆಂದು ಕರೆಯುವುದಿಲ್ಲ, ಗೌರವಧನವೆಂದು ಕರೆಯುತ್ತದೆ. ಹೆಸರಿನಲ್ಲಿ ಗೌರವವಿದೆ, ಧನ ಮಾತ್ರ ಅಲ್ಪ. ಅದನ್ನು ಹೆಚ್ಚಿಸಿರೆಂದು ಅವರು ಬೆಂಗಳೂರಿನ ಬೀದಿಯಲ್ಲಿ ಕುಳಿತದ್ದು ಒಂದೆರಡು ಸಲವಲ್ಲ. ಕಾಯಕಕ್ಕೆ ತಕ್ಕ ಫಲ ಕೊಡದೆ ದಾಸೋಹದ ಹೆಸರು ಹೇಳುವುದು ಶರಣರ ಲೆಕ್ಕದಲ್ಲಿ ಸರಿಹೊಂದದು.

ಎರಡನೆಯದು ಮೊಟ್ಟೆಯ ವಿಚಾರ. ಇದನ್ನು ಎತ್ತದೆ ಬಿಟ್ಟರೆ ನಾವು ಜಾರಿಕೊಂಡೆವು ಎಂದು ನೀವು ತಿಳಿಯುವಿರಿ. 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಹೆಚ್ಚಿದ್ದ ಈ ಭಾಗದ ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡಲು ಸರ್ಕಾರ ಆರಂಭಿಸಿತು. ಮುಂದೆ ಅದು ರಾಜ್ಯಕ್ಕೆಲ್ಲ ಹಬ್ಬಿತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ನಮ್ಮ ಕಡೆಯ ಕೆಲವು ಮಠಾಧೀಶರು ಮೊದಲಿಗೆ ವಿರೋಧಿಸಿದರು. ಸಸ್ಯಾಹಾರ ನಮ್ಮ ಆಚಾರ, ಅದನ್ನು ಬಿಡುವ ಮಾತಿಲ್ಲ, ಮಠದ ಅಡುಗೆಮನೆಯಲ್ಲಿ ಅದೇ ನಡೆಯುತ್ತದೆ. ಆದರೆ ಶಾಲೆ ಎಲ್ಲರ ಮನೆ. ಮನೆಯಲ್ಲಿ ಮೊಟ್ಟೆ ತಿನ್ನುವ ಪದ್ಧತಿಯಿದ್ದು, ಕೊಳ್ಳಲು ದುಡ್ಡಿಲ್ಲದ ತಾಯಿಯ ಮಗುವಿನ ತಟ್ಟೆಯಿಂದ ಅದನ್ನು ತೆಗೆಯಿರಿ ಎನ್ನುವ ಅಧಿಕಾರ ನಮಗೆ ಇಲ್ಲ. ತಿನ್ನದ ಮಗುವಿಗೆ ಬಾಳೆಹಣ್ಣು ತಪ್ಪದೆ ಸಿಗುತ್ತಿದೆಯೇ, ಯಾರೂ ಬಲವಂತ ಮಾಡುತ್ತಿಲ್ಲವೇ, ಇಷ್ಟನ್ನು ನೋಡಿಕೊಂಡರೆ ನಮ್ಮ ಕೆಲಸ ಮುಗಿಯಿತು. ಈ ಮಾತು ನಿಮ್ಮಲ್ಲಿ ಕೆಲವರಿಗೆ ಹಿಡಿಸಲಿಕ್ಕಿಲ್ಲ, ಆದರೂ ಹೇಳಿದ್ದೇವೆ.

ಒಂದು ಹೊತ್ತಿನ ಊಟ ಕೊಟ್ಟ ಮಾತ್ರಕ್ಕೆ ಅಂತರ ಅಳಿಯಿತೆಂದು ತಿಳಿಯಬಾರದು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ನೂರಕ್ಕೆ 65 ಮಕ್ಕಳಲ್ಲಿ ರಕ್ತಹೀನತೆ ಇತ್ತು. ಶಾಲೆಗೆ ಬರುವ ಮುಂಚೆಯೇ ಮಗು ಹಿಂದೆ ಬಿದ್ದಿರುತ್ತದೆ. ತಾಯಿಯ ಗರ್ಭದಲ್ಲಿದ್ದಾಗಿನಿಂದ ಎರಡು ವರುಷ ತುಂಬುವ ತನಕದ ಸಾವಿರ ದಿನಗಳಲ್ಲಿ ಆದ ನಷ್ಟವನ್ನು ಆಮೇಲೆ ತುಂಬಿಸುವುದು ಬಹಳ ಕಷ್ಟವೆಂದು ವೈದ್ಯರು ಹೇಳುತ್ತಾರೆ. ಈ ಕಾರಣದಿಂದಲೇ 2017ರ ಅಕ್ಟೋಬರ್ 2ರಂದು ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಯನ್ನು ತಂದರು. ಬಾಣಂತಿ ಹೊಸ್ತಿಲು ದಾಟಬಾರದು ಎಂಬ ನಮ್ಮ ಅತ್ತೆಯಂದಿರ ಕಟ್ಟಳೆಗೂ ಅಂಗನವಾಡಿಗೆ ಬಂದೇ ಉಣ್ಣಬೇಕೆಂಬ ನಿಯಮಕ್ಕೂ ಎಷ್ಟೋ ಮನೆಗಳಲ್ಲಿ ಹೊಂದಿಕೆಯಾಗಲಿಲ್ಲ. ತಾಯಂದಿರೇ, ಆ ಕಟ್ಟಳೆಯನ್ನು ಸಡಿಲಿಸುವುದು ನಿಮ್ಮ ಕೈಯಲ್ಲಿದೆ, ಇದಕ್ಕೆ ಸರ್ಕಾರದ ಆಜ್ಞೆ ಬೇಡ.

ಫಲ ಕಾಣಲು ಎಷ್ಟು ಕಾಲ ಬೇಕು ಎಂದರೆ, 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಮಾತು ಹೇಳಬೇಕು. ಸುಮನ್ ಚಕ್ರವರ್ತಿ ಮತ್ತು ಅವರ ಸಂಗಡಿಗರು 1993ರಿಂದ 2016ರವರೆಗಿನ ದೇಶದ ಅಂಕಿಅಂಶಗಳನ್ನು ಜೋಡಿಸಿ ನೋಡಿದರು. ಬಾಲ್ಯದಲ್ಲಿ ಶಾಲೆಯ ಊಟ ಉಂಡ ಹೆಣ್ಣುಮಕ್ಕಳು ಬೆಳೆದು ತಾಯಂದಿರಾದಾಗ, ಅವರ ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾದವರು ಕಡಿಮೆ. ಅವರು ಹೆಚ್ಚು ವರ್ಷ ಓದಿದ್ದರು, ತಡವಾಗಿ ಮಕ್ಕಳನ್ನು ಹೆತ್ತಿದ್ದರು, ಆಸ್ಪತ್ರೆಯನ್ನು ಹೆಚ್ಚು ಬಳಸಿದ್ದರು. ಅಜ್ಜಿ ಕಾಣದ ಅನ್ನವನ್ನು ತಾಯಿ ಉಂಡಳು, ಎತ್ತರ ಬೆಳೆದದ್ದು ಮೊಮ್ಮಗು.

ಇನ್ನು ಉಳಿದದ್ದು ಈ ಪಂಕ್ತಿಗೆ ಇನ್ನೂ ಬಾರದ ಮಕ್ಕಳ ವಿಚಾರ. 2020ರ ಮಾರ್ಚಿನಲ್ಲಿ ಮಹಾಮಾರಿಯಿಂದ ಶಾಲೆ ಮುಚ್ಚಿದಾಗ ಒಲೆಗಳೂ ಆರಿದವು. ಬದಲಿಗೆ ಧಾನ್ಯ ಕೊಟ್ಟರು, ಹಿಂದಿನ ಮೂರು ಕಿಲೋದ ಕಥೆಯೇ. ಆ ಕಷ್ಟ ಎಲ್ಲ ಮಕ್ಕಳಿಗೂ ಬಂದು ಹೋಯಿತು. ಆದರೆ ಪ್ರತಿವರ್ಷವೂ ಶಾಲೆ ಮುಚ್ಚಿದಂತೆಯೇ ಬದುಕುವ ಮಕ್ಕಳಿದ್ದಾರೆ. ದಸರೆ ದೀಪಾವಳಿ ಕಳೆಯುತ್ತಲೂ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ, ಗಡಿಯಾಚೆಯ ಬೀಡ ಜಿಲ್ಲೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ನಮ್ಮ ಹೊಲಗಳಿಗೆ ಬಂದು ಇಳಿಯುತ್ತವೆ. ಜೋಪಡಿ ಹಾಕುತ್ತಾರೆ, ಮಾರ್ಚಿಯವರೆಗೆ ಇರುತ್ತಾರೆ. ತಂದೆ ಕಡಿಯುತ್ತಾನೆ, ತಾಯಿ ಹೊರೆ ಕಟ್ಟುತ್ತಾಳೆ, ಹತ್ತು ವರುಷದ ಹುಡುಗಿ ಜೋಪಡಿಯ ಮುಂದೆ ತಮ್ಮನನ್ನು ಆಡಿಸುತ್ತಾಳೆ. ಅವಳ ಊರಿನ ಶಾಲೆಯ ಹಾಜರಿಯಲ್ಲಿ ಹೆಸರಿದೆ, ಊಟದ ಪಂಕ್ತಿಯಲ್ಲಿ ಅವಳಿಲ್ಲ. ಇಲ್ಲಿನ ಶಾಲೆ ಕೂಗಳತೆಯಲ್ಲಿದೆ, ಅಲ್ಲಿ ಅವಳ ಹೆಸರಿಲ್ಲ. ಆ ತಮ್ಮನಿಗೆ ಚುಚ್ಚುಮದ್ದು ಎಷ್ಟು ಆಗಿದೆ, ಎಷ್ಟು ತಪ್ಪಿದೆ ಎಂದು ಕೇಳುವವರಿಲ್ಲ. ಕಬ್ಬು ಯಾರದು? ನಿಮ್ಮದು. ಈ ಸಭೆಯಲ್ಲಿ ಕುಳಿತವರದು.

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ, ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಟಿ.ಸಿ. ಬಂದಿಲ್ಲವೆಂದಾಗಲಿ, ಹುಟ್ಟಿದ ದಿನಾಂಕದ ದಾಖಲೆ ಇಲ್ಲವೆಂದಾಗಲಿ ಸರ್ಕಾರಿ ಶಾಲೆ ಹಿಂದಕ್ಕೆ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಸೇರಿಸಿಕೊಂಡ ದಿನವೇ ಆ ಮಗು ಬಿಸಿಯೂಟದ ಪಂಕ್ತಿಗೂ ಸೇರುತ್ತದೆ. ಇದು ಗ್ಯಾಂಗಿನ ಮುಕಾದಮನಿಗೆ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಅವನಿಗೆ ಬೇಕಾಗಿಲ್ಲ. ಆದ್ದರಿಂದ ಈ ಹಂಗಾಮಿನಲ್ಲಿ ನಿಮ್ಮ ನಿಮ್ಮ ಹೊಲದಲ್ಲಿ ಜೋಪಡಿ ಬಿದ್ದ ವಾರದೊಳಗೆ ಒಂದು ಸಲ ಹೋಗಿ ಮಕ್ಕಳನ್ನು ಎಣಿಸಿರಿ. ಹೆಸರು, ವಯಸ್ಸು, ಎಲ್ಲಿಯವರು, ಯಾವ ಮಾತು ಆಡುತ್ತಾರೆ, ಕನ್ನಡವೋ ಮರಾಠಿಯೋ ಲಂಬಾಣಿಯೋ, ಎಲ್ಲವನ್ನೂ ಬರೆದುಕೊಳ್ಳಿರಿ. ಆರು ದಾಟಿದವರ ಪಟ್ಟಿಯನ್ನು ಊರಿನ ಶಾಲೆಯ ಮುಖ್ಯ ಗುರುಗಳಿಗೆ, ಚಿಕ್ಕವರ ಪಟ್ಟಿಯನ್ನು ಅಂಗನವಾಡಿಯ ಅಕ್ಕನವರಿಗೆ, ಬಸುರಿ ಬಾಣಂತಿಯರಿದ್ದರೆ ಆಶಾ ಕಾರ್ಯಕರ್ತೆಗೆ ಕೊಡಿರಿ. ತಮ್ಮನನ್ನು ಅಂಗನವಾಡಿಗೆ ಬಿಟ್ಟರೆ ಮಾತ್ರ ಅಕ್ಕ ಶಾಲೆಗೆ ಹೋಗಲು ಸಾಧ್ಯ, ಇದನ್ನು ಮರೆಯಬೇಡಿರಿ. ಕಳಿಸಲು ತಾಯಿ ಅಂಜಿದರೆ ನಿಮ್ಮ ಮನೆಯ ಹೆಣ್ಣುಮಕ್ಕಳು ಹೋಗಿ ಮಾತಾಡಲಿ. ಪಟ್ಟಿಯ ಒಂದು ಪ್ರತಿ ಮಠಕ್ಕೂ ಬರಲಿ. ಯಾವ ಊರಿನಲ್ಲಿ ಎಷ್ಟು ಮಕ್ಕಳು, ಎಷ್ಟು ಜನ ಶಾಲೆಗೆ ಸೇರಿದರು ಎಂಬುದನ್ನು ಶಿವರಾತ್ರಿಯ ಸಭೆಯಲ್ಲಿ ಊರಿನ ಹೆಸರು ಹಿಡಿದು ಓದಿಸುತ್ತೇವೆ.